ಕೆಂಪು ಚೌಕಟ್ಟಿನೊಳಗಿನ ಖಾರದ ಬನ್ನು

ಪರದೆಯ ಮೇಲೆ ಮೊದಲು ಬಂದದ್ದು ನಡುವೆ ತೂತಿದ್ದ, ಮೈಗೆಲ್ಲ ಗುಲಾಬಿ ಬಣ್ಣದ ಸಕ್ಕರೆ ಬಳಿದುಕೊಂಡಿದ್ದ ಒಂದು ಡೋನಟ್. ಅದರ ಸುತ್ತ ಕೆಂಪು ಚೌಕಟ್ಟು. ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಕೀಲಿಮಣೆಯ ಮೇಲಿದ್ದ ಕೈಯನ್ನು ಅಲ್ಲಾಡಿಸದೆ ನನ್ನ ಕಡೆ ತಿರುಗಿದರು.

"ಇದ್ಯಾವ ವಡೆ ಮೇಡಂ? ಬಣ್ಣ ಬಳ್ದವ್ರೆ."

ವಡೆಯಲ್ಲ, ಹೊರದೇಶದ ಸಿಹಿ ತಿಂಡಿ ಎಂದೆ. ಅಷ್ಟರಲ್ಲಿ ಡೋನಟ್ ಮಾಯವಾಗಿ ಪರದೆ ತುಂಬ ಚಪ್ಪಾಳೆ ತಟ್ಟುವ ಕೈಗಳು ಬಂದವು. ಕೆಳಗೆ ಒಂದು ವಾಕ್ಯ: "ಭಯಂಕರ ಕೆಲಸ, ನೀವು ನಿಮ್ಮ ಕಡುಬಯಕೆಯನ್ನು ಸೋಲಿಸಿರುವಿರಿ." ಯಾವ ಪುಣ್ಯಾತ್ಮ ಇದನ್ನು ಕನ್ನಡವೆಂದು ತಿಳಿದು ಒಪ್ಪಿಗೆ ಕೊಟ್ಟಿದ್ದನೋ. ಆಕೆ ಅದನ್ನು ನಿಧಾನವಾಗಿ ಓದಿಕೊಂಡರು. ಹೆಸರೇ ಕೇಳಿರದ ತಿಂಡಿಯ ಮೇಲಿನ ಆಸೆಯನ್ನು ಅವರು ಗೆದ್ದಿದ್ದರು. ಯಂತ್ರ ಅದಕ್ಕೆ ಪೂರ್ತಿ ಅಂಕ ಕೊಟ್ಟಿತು.

ಇದು ನಡೆದದ್ದು ದೇವನಹಳ್ಳಿಯ ಹೊರಗೆ, ಹೆದ್ದಾರಿಗೆ ಮುಖ ಮಾಡಿದ್ದ ಒಂದು ಖಾಸಗಿ ಆಸ್ಪತ್ರೆಯ ತೂಕ ಇಳಿಸುವ ವಿಭಾಗದಲ್ಲಿ. ನಾನು ಅಲ್ಲಿ ಮನಃಶಾಸ್ತ್ರಜ್ಞೆ. ಬೆಂಗಳೂರಿನ ಒಂದು ತಂತ್ರಾಂಶ ಕಂಪನಿಯ ಜೊತೆ ಸೇರಿ ಈ ತರಬೇತಿಯನ್ನು ಆಸ್ಪತ್ರೆಗೆ ತಂದವರು ನಮ್ಮ ವಿಭಾಗದ ನಿರ್ದೇಶಕರು. ಅವರು ವೈದ್ಯರು, ಮಾತುಗಾರರು, ಮತ್ತು ತಮ್ಮ ಮಾತನ್ನು ತಾವೇ ಮೆಚ್ಚಿಕೊಂಡು ಕೇಳಿಸಿಕೊಳ್ಳುವವರು. ಮೊದಲು ಹಾಸಿಗೆ ಹೊದಿಕೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆಗೆ ನೀಲಿ ಬಣ್ಣ ಹೊಡೆಸಿ, ಬಾಗಿಲಿಗೆ "ಮೆದುಳು ತರಬೇತಿ ಕೇಂದ್ರ" ಎಂಬ ಫಲಕ ಹಾಕಿಸಿದ್ದರು. ಒಳಗೆ ಎರಡು ಕಂಪ್ಯೂಟರು, ಒಂದು ತೂಕದ ಯಂತ್ರ, ನಾನು.

ತರಬೇತಿಯ ವಿಧಾನ ಸರಳ. ಪರದೆಯಲ್ಲಿ ಒಂದಾದ ಮೇಲೊಂದು ಚಿತ್ರ ಬರುತ್ತದೆ, ಒಂದೊಂದೂ ಒಂದು ಒಂದೂವರೆ ಸೆಕೆಂಡು ನಿಲ್ಲುತ್ತದೆ. ಹಸಿರು ಚೌಕಟ್ಟಿದ್ದರೆ ಕೂಡಲೇ ಗುಂಡಿ ಒತ್ತಬೇಕು. ಕೆಂಪು ಚೌಕಟ್ಟಿದ್ದರೆ ಕೈ ತಡೆಯಬೇಕು. ಹಣ್ಣು, ತರಕಾರಿ, ಕೊಡೆ, ಚಪ್ಪಲಿ ಇಂಥವಕ್ಕೆ ಹಸಿರು. ಮೈ ಹೆಚ್ಚಿಸುವ ತಿಂಡಿಗಳಿಗೆ ಯಾವಾಗಲೂ ಕೆಂಪು. ದಿನವೂ ಹೀಗೆ ತಿಂಡಿಯನ್ನು ಕಂಡ ಕೂಡಲೇ ಕೈ ತಡೆಯುತ್ತಾ ಹೋದರೆ, ಆ ತಿಂಡಿಯ ಕಡೆಗೆ ತಾನಾಗಿಯೇ ಚಾಚಿಕೊಳ್ಳುವ ಮನಸ್ಸಿನ ಓಟವೂ ಸ್ವಲ್ಪ ನಿಧಾನವಾಗುತ್ತದೆ ಎನ್ನುವುದು ಹಿಂದಿರುವ ತರ್ಕ. ಈ ತರ್ಕದ ಬಗ್ಗೆ ನನಗೆ ತಾತ್ಸಾರ ಇರಲಿಲ್ಲ, ಈಗಲೂ ಇಲ್ಲ. ಊಟದ ಸಲಹೆ, ನಡಿಗೆ, ಔಷಧಿಗಳ ಜೊತೆಗೆ ಇದೂ ಒಂದು ಸಣ್ಣ ಆಸರೆ ಆಗಬಹುದು ಎಂದು ನಂಬಿಯೇ ನಾನು ಒಪ್ಪಿಕೊಂಡಿದ್ದೆ. ಸಣ್ಣ ಆಸರೆ ಎಂದು ನಾನು ಹೇಳಿದಾಗಲೆಲ್ಲ ನಿರ್ದೇಶಕರು ಕೈ ಬೀಸಿ ಆ ಮಾತನ್ನು ನೊಣ ಓಡಿಸುವಂತೆ ಓಡಿಸುತ್ತಿದ್ದರು.

ಡೋನಟ್ಟನ್ನು ವಡೆ ಎಂದ ಹೆಂಗಸು ಸರ್ಕಾರಿ ಬಸ್ಸಿನ ಕಂಡಕ್ಟರು. ಮನೆ ಕುಂದಾಣದ ಕಡೆ. ದೇವನಹಳ್ಳಿಯಿಂದ ಪಕ್ಕದ ವಿಜಯಪುರದ ದಾರಿಯ ಬಸ್ಸಿನಲ್ಲಿ ಕೆಲಸ. ನನಗಿಂತ ನಾಲ್ಕಾರು ವರ್ಷ ದೊಡ್ಡವರು, ನಾನು ಅಕ್ಕಾ ಎನ್ನುತ್ತಿದ್ದೆ. ಎರಡನೆಯ ಹೆರಿಗೆಯಲ್ಲಿ ಹೊಟ್ಟೆ ಕೊಯ್ದ ಗಾಯದ ಜಾಗ ಸಡಿಲಾಗಿ ಹರ್ನಿಯಾ ಆಗಿತ್ತು. ನಿಂತರೆ ಹೊಕ್ಕುಳ ಕೆಳಗೆ ಕಿತ್ತಳೆ ಗಾತ್ರದ ಉಬ್ಬು. ಅಗಲದ ಪಟ್ಟಿ ಬಿಗಿದುಕೊಂಡು ತುಂಬಿದ ಬಸ್ಸಿನಲ್ಲಿ ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ಓಡಾಡುತ್ತಿದ್ದರು. ನಮ್ಮದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು ಪರೀಕ್ಷಿಸಿ, ಈ ತೂಕದಲ್ಲಿ ಹೊಲಿದರೆ ಹೊಲಿಗೆ ನಿಲ್ಲುವುದು ಕಷ್ಟ, ತೂಕ ಇಳಿಸಿಕೊಂಡು ಬನ್ನಿ ಎಂದು ನಮ್ಮ ವಿಭಾಗಕ್ಕೆ ಕಳಿಸಿದ್ದರು. ಉಬ್ಬು ಕಲ್ಲಿನಂತೆ ಗಟ್ಟಿಯಾಗಿ ಒಳಗೆ ಹೋಗದೆ ನಿಂತರೆ, ವಾಂತಿ ಬಂದರೆ, ಒಂದು ಗಳಿಗೆಯೂ ಕಾಯದೆ ಬರಬೇಕು ಎಂದೂ ಎಚ್ಚರಿಸಿದ್ದರು.

ಮೊದಲ ದಿನದಿಂದಲೇ ಅವರ ಅಂಕ ಎಲ್ಲರಿಗಿಂತ ಮೇಲೆ. ಪಿಜ್ಜಾ, ಹಂದಿಮಾಂಸದ ಪಟ್ಟಿಗಳು, ಹಸಿರು ಬಣ್ಣದ ಐಸ್‌ಕ್ರೀಮು, ಯಾವುದಕ್ಕೂ ಕೈ ಜಗ್ಗಲಿಲ್ಲ. ಕೊಡೆ ಬಂದರೆ ಟಕ್ಕೆಂದು ಒತ್ತುತ್ತಿದ್ದರು. ನಿರ್ದೇಶಕರು ಆ ಅಂಕಗಳನ್ನು ಕಂಡು ಹಿಗ್ಗಿಹೋದರು. ಆಕೆಯ ಅಂಕಗಳ ನಕ್ಷೆಯ ಗೆರೆಯನ್ನು ದೊಡ್ಡದಾಗಿ ಮುದ್ರಿಸಿ ಫಲಕದ ಪಕ್ಕದಲ್ಲಿ ಅಂಟಿಸಿದರು. ಪಕ್ಕದ ತೂಕದ ಯಂತ್ರ ಮಾತ್ರ ವಾರದಿಂದ ವಾರಕ್ಕೆ ಅದೇ ಅಂಕಿಯನ್ನು ತೋರಿಸುತ್ತಿತ್ತು. ಅದನ್ನು ಯಾರೂ ಮುದ್ರಿಸಲಿಲ್ಲ.

ನಾನು ನಿರ್ದೇಶಕರ ಬಳಿ ಹೋಗಿ ವಿವರಿಸಿದೆ. ಸೆಳೆತವೇ ಇಲ್ಲದ ಕಡೆ ಕೈ ತಡೆದರೆ ಅದು ತರಬೇತಿಯಲ್ಲ. ಈ ಅಂಕ ಕೆಂಪು ಹಸಿರು ಗುರುತಿಸಬಲ್ಲರು ಎನ್ನುವುದನ್ನಷ್ಟೇ ಹೇಳುತ್ತದೆ, ಅಷ್ಟನ್ನು ಸಿಗ್ನಲ್ಲಿನಲ್ಲಿ ನಿಲ್ಲುವ ಆಟೋದವರೂ ಮಾಡುತ್ತಾರೆ. ಇಲ್ಲಿಯ ಜನ ನಿಜವಾಗಿ ತಿನ್ನುವುದರ ಚಿತ್ರ ಹಾಕೋಣ ಎಂದೆ.

"ನೋಡಿ ಮೇಡಂ, ಇವೆಲ್ಲ ಇಂಟರ್‌ನ್ಯಾಷನಲ್ ಲೆವೆಲ್‌ನಲ್ಲಿ ಪ್ರೂವ್ ಆಗಿರೋ ಫೋಟೋಗಳು," ಎಂದರು ಅವರು. "ನೀವು ಬೋಂಡ ಗೀಂಡ ತಂದು ಹಾಕಿದ್ರೆ ಸೈನ್ಸ್ ಹಾಳಾಗುತ್ತೆ."

ಹೀಗೆ ಹೇಳುವಾಗ ಅವರ ಮೇಜಿನ ಮೇಲೆ ಅರ್ಧ ತಿಂದ ಬೋಂಡ ಇತ್ತು. ಅದರ ಕಡೆ ನೋಡದಿರಲು ನಾನು ಸಾಕಷ್ಟು ತರಬೇತಿ ಪಡೆದಿದ್ದೆ.

ಕಂಪನಿಯ ಪ್ರತಿನಿಧಿ ವಾರಕ್ಕೊಮ್ಮೆ ಬರುತ್ತಿದ್ದ. ಇಸ್ತ್ರಿ ಕೆಡದ ಅಂಗಿ, ಬಾಯಿ ತುಂಬ ನಗು, ಯಾವ ಪ್ರಶ್ನೆ ಕೇಳಿದರೂ "ಸೂಪರ್ ಪಾಯಿಂಟ್" ಎಂಬ ಉತ್ತರ. ಸ್ಥಳೀಯ ಚಿತ್ರಗಳ ಮಾತು ಅವನಿಗೆ ಹಿಡಿಸಿತು, ಅದರಲ್ಲಿ ಇನ್ನೊಂದು ಮಾರಾಟದ ಮಾತು ಕಂಡಿರಬೇಕು. ಚಿತ್ರ ಹಾಕಿದರೆ ಸಾಕು, ಯಾವುದು ಒಳ್ಳೆಯ ಆಹಾರ ಯಾವುದು ಕೆಟ್ಟದ್ದು ಎಂದು ತಂತ್ರಾಂಶವೇ ಗುರುತಿಸಿ ಚೌಕಟ್ಟು ಹಾಕುತ್ತದೆ ಎಂದು ಭರವಸೆ ಕೊಟ್ಟ. ನಿರ್ದೇಶಕರು ನನ್ನ ಬಾಯಿಂದ ಒಪ್ಪದ್ದನ್ನು ಅವನ ಬಾಯಿಂದ ಬಂದ ಕೂಡಲೇ ಒಪ್ಪಿಕೊಂಡರು.

ನಾನು ರಜೆಯ ದಿನಗಳಲ್ಲಿ ಫೋನು ಹಿಡಿದು ತಿರುಗಿದೆ. ಹೊಸಕೋಟೆಯಲ್ಲಿ ಬೆಳಗಿನ ಜಾವ ಸಾಲುಗಟ್ಟಿ ತಿನ್ನುವ ಬಿರಿಯಾನಿ, ವಿಜಯಪುರದ ಬೇಕರಿಯ ಖಾರದ ಬನ್ನು, ದಿಲ್‌ಪಸಂದು, ಬಸ್ ನಿಲ್ದಾಣದ ಬಜ್ಜಿ, ಗಾಜಿನ ಲೋಟದಲ್ಲಿ ಕೆನೆಗಟ್ಟಿದ ಟೀ, ಮದುವೆ ಮನೆಯ ಒಬ್ಬಟ್ಟು. ಹಸಿರು ಚೌಕಟ್ಟಿಗೆಂದು ಸೌತೆಕಾಯಿ, ಸೀಬೆ, ಸೊಪ್ಪಿನ ಸಾರು, ಮುದ್ದೆ. ತಟ್ಟೆಯ ಬಣ್ಣ, ಬೆಳಕು, ದೂರ ಎಲ್ಲ ಒಂದೇ ರೀತಿ ಇರುವಂತೆ ತೆಗೆದೆ. ಇಲ್ಲದಿದ್ದರೆ ಜನ ತಿಂಡಿಯನ್ನು ಬಿಟ್ಟು ತಟ್ಟೆಯ ಗುರುತು ಹಿಡಿಯುತ್ತಾರೆ.

ಪ್ರತಿನಿಧಿಯ ಬುದ್ಧಿವಂತ ತಂತ್ರಾಂಶ ಮುದ್ದೆಯನ್ನು ಚಾಕೊಲೇಟ್ ಉಂಡೆ ಎಂದು ತೀರ್ಮಾನಿಸಿ ಕೆಂಪು ಚೌಕಟ್ಟು ಹಾಕಿತು. ಒಬ್ಬಟ್ಟನ್ನು ಚಪಾತಿ ಎಂದು ಕರೆದು ಹಸಿರು ಹಾಕಿತು. ಹೀಗೇ ಬಿಟ್ಟಿದ್ದರೆ ಇಡೀ ತಾಲ್ಲೂಕು ಮುದ್ದೆ ಕಂಡರೆ ಕೈ ಹಿಂದೆಗೆದು ಒಬ್ಬಟ್ಟಿಗೆ ಮುನ್ನುಗ್ಗುವುದನ್ನು ಕಲಿಯುತ್ತಿತ್ತು. ಪ್ರತಿನಿಧಿಗೆ ತೋರಿಸಿದರೆ, ಯಂತ್ರ ಇನ್ನೂ ಕಲಿಯುತ್ತಿದೆ ಎಂದ. ಯಂತ್ರ ಕಲಿಯುವವರೆಗೆ ಹೊಟ್ಟೆಗಳು ಕಾಯಬೇಕೇ ಎಂದು ಕೇಳಿದೆ. ಸೂಪರ್ ಪಾಯಿಂಟ್ ಎಂದ. ಕೊನೆಗೆ ನಾನೇ ಕೂತು ಪ್ರತಿ ಚಿತ್ರಕ್ಕೂ ಕೈಯಾರೆ ಚೌಕಟ್ಟು ಬದಲಿಸಿದೆ.

ಹೊಸ ಚಿತ್ರಗಳ ಮೊದಲ ದಿನ ಕಂಡಕ್ಟರು ಎಂದಿನಂತೆ ಬಂದು ಕೂತರು. ಸೌತೆಕಾಯಿ, ಒತ್ತಿದರು. ಬಿರಿಯಾನಿ, ತಡೆದರು. ಖಾರದ ಬನ್ನು ಬಂತು. ಕೈ ಟಕ್ಕನೆ ಗುಂಡಿಯ ಮೇಲೆ ಬಿತ್ತು. ಇನ್ನೊಂದು ಸುತ್ತಿನಲ್ಲಿ ಮತ್ತೆ ಬಿತ್ತು. ಟೀ ಲೋಟಕ್ಕೂ ಬಿತ್ತು. ಯಂತ್ರ ಕರ್ಕಶವಾಗಿ ಕೂಗಿಕೊಂಡಿತು. ಅವರು ತಮ್ಮ ಕೈಯನ್ನೇ ಬೇರೆಯವರ ಕೈ ಎನ್ನುವಂತೆ ನೋಡಿಕೊಂಡರು.

"ನಾನು ಬ್ಯಾಡ ಅಂತಾನೆ ಇದ್ದೆ ಮೇಡಂ. ಇದು ಕೇಳ್ನಿಲ್ಲ."

ನನಗೆ ಆ ದಿನ ನಿಜವಾಗಿ ಸಂತೋಷವಾಯಿತು. ತಪ್ಪು ಬಂತೆಂದರೆ ತಿದ್ದಲು ಏನೋ ಇದೆ ಎಂದರ್ಥ. ಅದರ ನಂತರದ ವಾರಗಳಲ್ಲಿ ಅವರು ಬಿಡದೆ ಬಂದರು. ಪಾಳಿ ಮುಗಿಸಿ, ಸಮವಸ್ತ್ರದಲ್ಲೇ, ಪಟ್ಟಿ ಸಡಿಲಿಸಿಕೊಂಡು ಕೂರುತ್ತಿದ್ದರು. ತಪ್ಪುಗಳು ನಿಧಾನವಾಗಿ ಕಡಿಮೆಯಾದವು. ಕೆಲವು ದಿನ ಬೇಕರಿ ದಾಟಿಕೊಂಡು ಬಂದುಬಿಟ್ಟೆ, ಆಮೇಲೆ ನೆನಪಾಯಿತು ಎಂದು ಅವರೇ ಆಶ್ಚರ್ಯದಿಂದ ಹೇಳಿದರು. ತೂಕವೂ ಚೂರು ಇಳಿಯಿತು. ಆಮೇಲೆ ನಿಂತಿತು.

ಏಕೆ ನಿಂತಿತು ಎನ್ನುವುದಕ್ಕೆ ದೊಡ್ಡ ಸಂಶೋಧನೆ ಬೇಕಿರಲಿಲ್ಲ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು ಡಿಪೋಗೆ ಬರುತ್ತಿದ್ದರು. ಬುತ್ತಿ ಜೊತೆಗಿರುತ್ತಿತ್ತು, ಬಿಚ್ಚಲು ಹೊತ್ತಿರುತ್ತಿರಲಿಲ್ಲ. ಬಸ್ಸು ನಿಂತ ಚೂರು ಸಮಯದಲ್ಲಿ ನಿಂತುಕೊಂಡೇ ತಿನ್ನಬಹುದಾದದ್ದು ಬನ್ನು, ಬಜ್ಜಿ, ಟೀ. ಮಧ್ಯಾಹ್ನದ ಊಟ ಸಂಜೆಗೆ ಜಾರುತ್ತಿತ್ತು, ಆಗ ಹಸಿವು ಎರಡರಷ್ಟು. ಕಂಪ್ಯೂಟರು ಕೈ ತಡೆಯುವುದನ್ನು ಕಲಿಸಬಲ್ಲದು. ಹೊತ್ತಿಗೆ ಸರಿಯಾಗಿ ಕೂತು ಉಣ್ಣಲು ಒಂದು ಬೆಂಚನ್ನು ಕೊಡಲಾರದು. ಇದನ್ನು ನಾನು ವಿಭಾಗದ ಸಭೆಯಲ್ಲಿ ಹೇಳಿದೆ. ಪಾಳಿ ಬದಲಿಸುವಂತೆ ಡಿಪೋಗೆ ವೈದ್ಯರಾಗಿ ಒಂದು ಮಾತು ಬರೆಯಿರಿ ಎಂದು ನಿರ್ದೇಶಕರನ್ನು ಕೇಳಿದೆ. ಅದು ಮೆದುಳಿನ ವಿಷಯವಲ್ಲ ಎಂದರು ಅವರು.

ಅವರ ತಲೆಯಲ್ಲಿದ್ದದ್ದು ಬೇರೆ. ಪಿಲ್ಲಗುಂಪೆಯ ಒಂದು ಕಾರ್ಖಾನೆಯವರು ತಮ್ಮ ಕೆಲಸಗಾರರಿಗೆ ಈ ತರಬೇತಿ ಹಾಕಿಸುವ ಯೋಚನೆಯಲ್ಲಿದ್ದರು. ಕ್ಯಾಂಟೀನಿನ ಗೋಡೆಯಲ್ಲಿ ಪರದೆ ಕೂರಿಸುತ್ತಾರಂತೆ. ಬಿಡುವಿನಲ್ಲಿ ಬೋಂಡ ಕೊಡುವುದೂ ಅವರೇ, ಬೋಂಡದ ಚಿತ್ರ ತೋರಿಸಿ ಕೈ ತಡೆಸುವುದೂ ಅವರೇ. ಅಡುಗೆ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಮೆದುಳು ಬದಲಿಸಲು ಹೊರಟಿದ್ದರು. ಇದರಲ್ಲಿ ಯಾರಿಗೂ ನಗು ಬರಲಿಲ್ಲ ಎನ್ನುವುದೇ ನನಗೆ ಸೋಜಿಗ. ಕಾರ್ಖಾನೆಯವರೆದುರು ತೋರಿಸಲು ಒಂದು ಏರುವ ಗೆರೆ ಬೇಕಿತ್ತು. ನನ್ನ ಹೊಸ ಚಿತ್ರಗಳಿಂದ ಗೆರೆ ಒಮ್ಮೆ ದಬಕ್ಕನೆ ಬಿದ್ದು, ತೆವಳಿಕೊಂಡು ಏಳುತ್ತಿತ್ತು. ಪ್ರತಿನಿಧಿಯ ನಗು ಮೊದಲ ಸಲ ಮಾಸಿತು. ಹಳೆಯ ಡೋನಟ್ಟುಗಳನ್ನೇ ಮತ್ತೆ ಹಾಕಿ, ಕಂಡಕ್ಟರಿಂದ ಕಾರ್ಯಕ್ರಮ ಪೂರ್ತಿ ಮಾಡಿಸಿ, ಆ ಅಂಕಗಳನ್ನೇ ತೋರಿಸೋಣ ಎಂದು ಅವನೂ ನಿರ್ದೇಶಕರೂ ನಿರ್ಧರಿಸಿದರು. ನಾನು ಹಾಕಲಿಲ್ಲ. ಆಗಲಿ ನೋಡೋಣ ಎಂದು ತಳ್ಳುತ್ತಾ ಬಂದೆ.

ಅದೇ ವಾರ ಒಂದು ಮಧ್ಯಾಹ್ನ ಕಂಡಕ್ಟರು ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿಗೆ ಕೈ ಊರಿ ಬಾಗಿ ನಿಂತರು. ಏನಾಯಿತು ಅಕ್ಕಾ ಎಂದೆ. ಹಿಂದಿನ ದಿನ ವಿಜಯಪುರದ ಹತ್ತಿರ ಬಸ್ಸು ಗುಂಡಿಗೆ ಇಳಿದು ಎದ್ದಾಗ ಉಬ್ಬು ಗಟ್ಟಿಯಾಗಿ ನಿಂತುಬಿಟ್ಟಿತಂತೆ. ಹಿಂದಿನ ಸೀಟಿನಲ್ಲಿ ಮಲಗಿ, ಬೆವರಿ, ಒಮ್ಮೆ ವಾಂತಿಯೂ ಆಗಿ, ಬಹಳ ಹೊತ್ತಿನ ಮೇಲೆ ಒಳಗೆ ಸರಿಯಿತಂತೆ. ಕೂಡಲೇ ಆಸ್ಪತ್ರೆಗೆ ಏಕೆ ಬರಲಿಲ್ಲ ಎಂದು ನಾನು ಗದರಿದಂತೆಯೇ ಕೇಳಿದೆ.

"ಬಂದಿದ್ದೆ ಮೇಡಂ. ನಿಮ್ಮ ದೊಡ್ಡ ಡಾಕ್ಟ್ರು ಸಿಕ್ಕಿದ್ರು. ಚೆನ್ನಾಗ್ ಮಾಡ್ತಿದ್ದೀರಾ, ಇನ್ನೊಂಚೂರು ದಿನ, ಪೂರ್ತಿ ಆಗ್ಲಿ, ಆಮೇಲೆ ಆಪರೇಷನ್ನು ಅಂದ್ರು."

ನಾನು ಅವರಿಗೆ ಅಲ್ಲೇ ಇರಲು ಹೇಳಿ ನಿರ್ದೇಶಕರ ಕೋಣೆಗೆ ಹೋದೆ. ಪ್ರತಿನಿಧಿಯೂ ಇದ್ದ. ಕಾರ್ಖಾನೆಯವರಿಗೆ ತೋರಿಸುವ ಚಿತ್ರಗಳನ್ನು ಇಬ್ಬರೂ ಗೋಡೆಯ ಮೇಲೆ ಹಾಕಿ ನೋಡುತ್ತಿದ್ದರು. ಆಕೆ ವಾಂತಿಯ ವಿಷಯ ಹೇಳಿದ್ದರೇ ಎಂದು ಕೇಳಿದೆ. ಗ್ಯಾಸ್ ಇರಬಹುದು ಎಂದರು ನಿರ್ದೇಶಕರು. ಅವರು ಹೊಟ್ಟೆ ಮುಟ್ಟಿ ನೋಡಿರಲಿಲ್ಲ, ಅದನ್ನು ಕೇಳಿ ಖಚಿತ ಮಾಡಿಕೊಂಡೆ. ಉಳಿದಿರುವುದು ಕೆಲವೇ ಪಾಠ, ಈಗ ಬಿಟ್ಟರೆ ಇಡೀ ಗೆರೆ ಅರ್ಧಕ್ಕೆ ನಿಲ್ಲುತ್ತದೆ ಎಂದು ಅವರು ನನಗೆ ತಾಳ್ಮೆಯಿಂದ, ಮಕ್ಕಳಿಗೆ ಹೇಳುವಂತೆ, ವಿವರಿಸಿದರು. ಗೋಡೆಯ ಮೇಲೆ ಆ ಗೆರೆ, ನಡುವೆ ಬಿದ್ದ ಭಾಗವಿಲ್ಲದೆ, ಹಸಿರು ಬಣ್ಣದಲ್ಲಿ ಏರುತ್ತಿತ್ತು. ಅದರ ಪಕ್ಕದಲ್ಲಿ ತಕ್ಕಡಿಯ ಚಿತ್ರ, ಕೆಳಮುಖದ ಬಾಣ. ಆಕೆಯ ತೂಕ ಇಳಿದಿದೆ ಎಂದು ಎಲ್ಲೂ ಬರೆದಿರಲಿಲ್ಲ. ನೋಡಿದವರು ಹಾಗೆಂದುಕೊಳ್ಳಲಿ ಎಂದು ಅಷ್ಟು ಜಾಣತನದಿಂದ ಬಿಡಿಸಿದ್ದರು. ವೈದ್ಯರಾಗಿದ್ದೂ ನಿರ್ದೇಶಕರು ಅದನ್ನು ನೋಡುತ್ತಾ ತಲೆದೂಗುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬರಲು ಎದುರಿಗಿರುವವರನ್ನು ಒಂದಿಷ್ಟಾದರೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ವಾಪಸ್ಸು ಬಂದು ಕಂಪ್ಯೂಟರು ಆರಿಸಿದೆ. ವಾರ್ಡಿನಿಂದ ಗಾಲಿ ಕುರ್ಚಿ ತರಿಸಿ ಕಂಡಕ್ಟರನ್ನು ಕೂರಿಸಿಕೊಂಡು ನಾನೇ ತಳ್ಳಿಕೊಂಡು ಶಸ್ತ್ರಚಿಕಿತ್ಸಕರ ಹೊರರೋಗಿ ಕೋಣೆಗೆ ಹೋದೆ. ಅವರು ನಮ್ಮನ್ನು ಕಂಡು ಅಚ್ಚರಿಪಟ್ಟರು. ತೂಕ ಚೆನ್ನಾಗಿ ಇಳಿಯುತ್ತಿದೆ, ನಾವೇ ಕಳಿಸುತ್ತೇವೆ ಎಂದು ನಿರ್ದೇಶಕರು ಊಟದ ಹೊತ್ತಿನಲ್ಲಿ ಹೇಳಿದ್ದರಂತೆ, ಅದಕ್ಕೇ ತಾವು ಕರೆಸಿರಲಿಲ್ಲ ಎಂದರು. ತೂಕ ಇಳಿದದ್ದು ಚೂರೇ, ಈ ತರಬೇತಿಯೊಂದರಿಂದಲೇ ಬೇಕಾದಷ್ಟು ಇಳಿಯುವುದೂ ಇಲ್ಲ, ನೀವು ಇದಕ್ಕಾಗಿ ಕಾಯಬೇಡಿ ಎಂದು ನಾನು ಹೇಳಿದೆ. ಹಿಂದಿನ ದಿನದ ಸಂಗತಿಯನ್ನು ಆಕೆಯ ಬಾಯಿಂದಲೇ ಹೇಳಿಸಿದೆ. ಅವರು ಮಂಚದ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಕೈ ತೊಳೆದುಕೊಂಡು ಬಂದು ಆಕೆಯ ಪಕ್ಕದಲ್ಲಿ ನಿಂತರು.

"ತೂಕ ಹೆಚ್ಚಿರೋದ್ರಿಂದ ಇದು ಮತ್ತೆ ಬರಬಹುದಮ್ಮಾ, ಅದು ನಿಜ. ಆದ್ರೆ ಕರುಳು ಒಂದ್ಸಲ ಸಿಕ್ಕಾಕ್ಕೊಂಡು, ಹೇಗೋ ಬಿಡಿಸ್ಕೊಂಡಿದೆ. ಇನ್ನೊಂದ್ಸಲ ಸಿಕ್ಕಾಕ್ಕೊಂಡ್ರೆ ಬಿಡಿಸ್ಕೊಳ್ಳುತ್ತೆ ಅಂತ ನಾನು ಹೇಳಲ್ಲ. ಇವತ್ತೇ ಅಡ್ಮಿಟ್ ಆಗಿ."

ಕಂಡಕ್ಟರು ಡಿಪೋಗೆ ಫೋನು ಮಾಡಿ ಮಾರನೆಯ ಪಾಳಿಗೆ ಬೇರೆಯವರನ್ನು ಹಾಕಿಕೊಳ್ಳಲು ಹೇಳಿದರು. ಆಮೇಲೆ ಮನೆಗೆ ಮಾಡಿದರು. ಮೊದಲು ಡಿಪೋ, ಆಮೇಲೆ ಮನೆ. ನಾನು ಪಕ್ಕದಲ್ಲಿ ಅವರ ಚೀಲ ಹಿಡಿದುಕೊಂಡು ನಿಂತಿದ್ದೆ.

ಸಂಜೆ ನಿರ್ದೇಶಕರು ಕರೆಸಿದರು. ನನಗೆ ವಿಜ್ಞಾನದಲ್ಲಿ ನಂಬಿಕೆ ಇಲ್ಲವೆಂದೂ, ತಂಡದಲ್ಲಿ ಕೆಲಸ ಮಾಡುವ ಗುಣವಿಲ್ಲವೆಂದೂ, ಒಬ್ಬ ರೋಗಿಗಾಗಿ ಸಾವಿರ ಜನರ ಪ್ರಯೋಜನ ಹಾಳು ಮಾಡಿದೆನೆಂದೂ ಹೇಳಿದರು. ಆ ಸಾವಿರ ಜನ ಎಲ್ಲಿದ್ದಾರೆ ಎಂದು ಕೇಳಿದೆ. ಪಿಲ್ಲಗುಂಪೆಯಲ್ಲಿ ಎಂದರು, ನಗದೆ. ತರಬೇತಿಯಿಂದ ಆದದ್ದು ಏನು, ಆಗದಿದ್ದದ್ದು ಏನು ಎಂದು ನಾನು ವರದಿ ಬರೆದುಕೊಟ್ಟೆ: ಪರಿಚಿತ ತಿಂಡಿಗಳ ಚಿತ್ರ ಹಾಕಿದಾಗ ಕೈಯ ಅವಸರ ಸ್ವಲ್ಪ ತಗ್ಗಿತು, ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ, ಇದನ್ನು ಒಂಟಿ ಚಿಕಿತ್ಸೆಯಾಗಿ ಯಾರಿಗೂ ಕೊಡಬಾರದು. ವರದಿಯ ಭಾಷೆ ಬಹಳ ಕಟುವಾಯಿತು, ಸ್ವಲ್ಪ ಪಾಸಿಟಿವ್ ಮಾಡಿ ಎಂದು ಹಿಂದಿರುಗಿಸಿದರು. ನಾನು ಕೆಲಸ ಬಿಡುವ ಪತ್ರವನ್ನು ಅದರ ಮೇಲಿಟ್ಟು ಕೊಟ್ಟೆ. ಅದರ ಭಾಷೆಯನ್ನು ಅವರು ತಿದ್ದಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೊನೆಗೆ ಪರದೆ ಬಂತೆಂದು ಕೇಳಿದೆ. ಬೋಂಡವೂ ಇದೆಯಂತೆ.

ಶಸ್ತ್ರಚಿಕಿತ್ಸೆ ಮಾರನೆಯ ಬೆಳಿಗ್ಗೆ ಆಯಿತು. ಬೆಳಗಿನ ಜಾವ ಮತ್ತೆ ಸಿಕ್ಕಿಕೊಂಡಿದ್ದ ಕರುಳಿನ ಒಂದು ಸುರುಳಿ ಕಪ್ಪಾಗುವ ಹಂತದಲ್ಲಿತ್ತು, ಬಿಸಿ ತಾಗಿಸಿ ಕಾದಾಗ ಬಣ್ಣ ಮರಳಿತು, ಕತ್ತರಿಸುವ ಪ್ರಮೇಯ ಬರಲಿಲ್ಲ ಎಂದು ಶಸ್ತ್ರಚಿಕಿತ್ಸಕರು ಹೊರಗೆ ಬಂದು ಹೇಳಿದರು. ಸಡಿಲಾದ ಜಾಗಕ್ಕೆ ಆಸರೆಯಾಗಿ ಒಳಗೆ ಸಣ್ಣ ಬಲೆ ಇಟ್ಟು ಹೊಲಿದಿದ್ದರು. ಮೂರು ತಿಂಗಳು ಬಸ್ಸು ಹತ್ತುವಂತಿಲ್ಲ, ಆಮೇಲೆ ಕೂತು ಮಾಡುವ ಕೆಲಸ ಕೊಡಬೇಕು ಎಂದು ಡಿಪೋಗೆ ಅವರೇ ಬರೆದುಕೊಟ್ಟರು. ನಾನು ವಾರಗಟ್ಟಲೆ ಕೇಳಿದ್ದ ಸಹಾಯ ಅವರ ಕೈಯಿಂದ ಒಂದು ನಿಮಿಷದಲ್ಲಿ ಬಂತು.

ಅನ್ನ ಕೊಡಬಹುದು ಎಂದ ದಿನ ನಾನು ನೋಡಲು ಹೋದೆ. ಆಗ ನನಗೆ ಆ ಆಸ್ಪತ್ರೆಯಲ್ಲಿ ಯಾವ ಕೆಲಸವೂ ಇರಲಿಲ್ಲ. ಕುಂದಾಣದಿಂದ ಅವರ ತಂಗಿ ಮೆತ್ತಗಿನ ಅನ್ನ, ಹೆಸರುಬೇಳೆ ಸಾರು ತಂದು ಕಲಸಿಟ್ಟು, ನೀರು ತರಲು ಹೋಗಿದ್ದರು. ದಿಂಬಿಗೆ ಒರಗಿ ಕೂತು ಕಂಡಕ್ಟರು ಒಂದು ತುತ್ತು ಎತ್ತಿದರು. ಬಾಯಿಯವರೆಗೆ ಹೋದ ಕೈ ನಿಂತಿತು. ನನ್ನ ಮುಖ ನೋಡಿದರು.

"ತಿನ್ಲಾ ಮೇಡಂ?"

ತಿಂಗಳುಗಟ್ಟಲೆ ನಾವೆಲ್ಲ ಸೇರಿ ಅವರಿಗೆ ಕಲಿಸಿದ ಪಾಠ ಇದು. ಅನ್ನ ಬಾಯಿಗಿಡುವ ಮೊದಲು ಓದಿದವರ ಮುಖ ನೋಡುವುದು. ಇದಕ್ಕೆ ಅಂಕ ಕೊಡುವ ತಂತ್ರಾಂಶ ಇನ್ನೂ ಬಂದಿಲ್ಲ.

ಉಣ್ಣಿ ಅಕ್ಕಾ ಎಂದೆ. ಅವರು ಆಗಲೂ ಕಾಯುತ್ತಿದ್ದರು. ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಡಬ್ಬಿಯ ಮುಚ್ಚಳ ಮುಂದೆ ಹಿಡಿದು, ನನಗೂ ಒಂದಿಷ್ಟು ಹಾಕಿ ಎಂದೆ. ಅವರು ಎರಡು ತುತ್ತಿನಷ್ಟು ತೆಗೆದು ಹಾಕಿದರು. ನಾನು ಮೊದಲು ಬಾಯಿಗಿಟ್ಟೆ. ಆಮೇಲೆ ಅವರು ಉಂಡರು.